ಫಕ್ಕೀರಪ್ಪನ ಕಾವಲುಬಲೆ

ಫಕ್ಕೀರಪ್ಪ ಹೊಂಬಳನ ಎದೆಯೊಳಗೆ ದಾಳಿ ಶುರುವಾದಾಗ ಆತ ಒಲೆಯ ಮುಂದೆ ನಿಂತು ಹೂರಣಕ್ಕೆ ಕೈಯಾಡಿಸುತ್ತಿದ್ದ. ನೋವಿರಲಿಲ್ಲ, ಉಸಿರು ಭಾರವಾಗಿರಲಿಲ್ಲ, ಬೆವರೂ ಬಂದಿರಲಿಲ್ಲ. ದಾಳಿಯ ಸುಳಿವು ಮೊದಲು ಸಿಕ್ಕಿದ್ದು ಆತನ ಹೃದಯಕ್ಕೆ ಹೊದಿಸಿದ್ದ ಕಾವಲುಬಲೆಗೆ.

ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳಿಂದ ನೇಯ್ದ ಬಲೆ ಅದು. ಹೃದಯ ಹಿಗ್ಗಿದರೆ ತಾನೂ ಹಿಗ್ಗುತ್ತದೆ, ಕುಗ್ಗಿದರೆ ತಾನೂ ಕುಗ್ಗುತ್ತದೆ. ನಮ್ಮ ರಕ್ತದಲ್ಲಿ ಟಿ ಕಣಗಳೆಂಬ ಕಾವಲುಗಾರರಿದ್ದಾರಲ್ಲ, ಸಿಕ್ಕ ಸಿಕ್ಕ ಜೀವಕೋಶದ ಮೈಮೇಲಿನ ಗುರುತನ್ನು ತಡವಿ ನೋಡುವುದೇ ಅವುಗಳ ಕೆಲಸ. ಗುರುತು ನಮ್ಮದಾಗಿದ್ದರೆ ಸುಮ್ಮನೆ ಮುಂದೆ ಸಾಗುತ್ತವೆ. ಪರರದಾಗಿದ್ದರೆ ರಾಸಾಯನಿಕದ ಮೂಲಕ ಕೂಗು ಹಾಕಿ ತಮ್ಮ ಬಳಗವನ್ನೆಲ್ಲ ಕರೆದು ಮುತ್ತಿಕೊಳ್ಳುತ್ತವೆ. ಬದಲಿ ಹೃದಯ ಪಡೆದವರಿಗೆ ಈ ಮುತ್ತಿಗೆಯ ಭಯ ಬದುಕಿರುವವರೆಗೂ ತಪ್ಪಿದ್ದಲ್ಲ. ಹಿಂದೆ ಅದನ್ನು ಪತ್ತೆ ಹಚ್ಚಬೇಕಾದರೆ ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಹೃದಯದ ಚೂರು ಕಿತ್ತು ನೋಡಬೇಕಾಗಿತ್ತು. ಕಾವಲುಬಲೆ ಬಂದ ಮೇಲೆ ಆ ಗೋಳು ತಪ್ಪಿತು. ಟಿ ಕಣಗಳ ಮೊದಲ ಕೂಗನ್ನೇ ಬಲೆ ಹಿಡಿದು ಗದಗಿನ ಹೃದಯ ಕೇಂದ್ರಕ್ಕೆ ಸಂದೇಶ ಕಳಿಸುತ್ತಿತ್ತು. ರೋಗಿಗಳು ಅದನ್ನು ಗಂಟೆ ಹೊಡೆಯಿತು ಎನ್ನುತ್ತಿದ್ದರು.

ಫೋನು ಬಂತು. ಫಕ್ಕೀರಪ್ಪ ಕೈ ಒರೆಸಿಕೊಂಡು ಎತ್ತಿದ.

"ಕಾಕಾ, ನಾ ಶಾಹೀನ್ ರೀ. ನಿಮ್ಮ ಗಂಟಿ ಹೊಡದೈತಿ. ಪಾವಣ್ಯಾ ಹೆಂಗದಾನ?"

ಎದೆಯೊಳಗೆ ಬಂದು ಕೂತ ಆ ಹೃದಯವನ್ನು ಫಕ್ಕೀರಪ್ಪ ಪಾವಣ್ಯಾ, ಅಂದರೆ ಮನೆಗೆ ಬಂದ ನೆಂಟ ಎಂದು ಕರೆಯುತ್ತಿದ್ದ. ಕೇಂದ್ರದ ನರ್ಸ್ ಶಾಹೀನಳಿಗೂ ಆ ಮಾತು ರೂಢಿಯಾಗಿತ್ತು.

"ಅವಂಗೇನಾಗೈತವ್ವಾ, ತನ್ನ ಪಾಡಿಗೆ ಬಡಕೊಳ್ಳಾಕತ್ತಾನ."

"ಗುಳಗಿ ತಪ್ಪಿಸಿಲ್ಲ, ಹೌದಿಲ್ಲೊ?"

"ಅನ್ನ ಬಿಟ್ಟೇನು, ಗುಳಗಿ ಬಿಡತೀನೇನು?"

"ಹಂಗಾರ ಸುಮ್ನ ಮಲಕೊಳ್ರಿ. ಇಂಜೆಕ್ಷನ್ ತಗೊಂಡು ಹೊಂಟೆ. ಇವತ್ತ ನನ್ ಕೂಡ ಬೆಂಗಳೂರಿನ ಡಾಕ್ಟರ್ ಬಾಯಾರೂ ಬರಾಕತ್ತಾರ."

ಫೋನಿಟ್ಟು ಫಕ್ಕೀರಪ್ಪ ಒಲೆಯ ಕಡೆ ತಿರುಗಿದ. ಎರಡು ದಿನದಿಂದ ನುಂಗದೆ ಬಿಟ್ಟ ಗುಳಿಗೆಗಳು ಉಪ್ಪಿನಕಾಯಿ ಭರಣಿಯ ಹಿಂದೆ ಇದ್ದವು. ಎರಡು ದಿನ ಬಿಟ್ಟರೆ ಮೂರನೆಯ ದಿನ ಗಂಟೆ ಹೊಡೆಯುತ್ತದೆಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಇಬ್ಬರ ಅಳತೆಗೆ ಮಾಡುತ್ತಿದ್ದ ಹೋಳಿಗೆ ಮೂವರಿಗೆ ಸಾಲುತ್ತದೋ ಇಲ್ಲವೋ ಎಂಬುದೊಂದೇ ಆತನಿಗೆ ಆಗ ಇದ್ದ ಚಿಂತೆ.

ಹಾಗೆಂದು ಆತ ಸಾಯಲು ಹೊರಟವನಲ್ಲ. ಫಕ್ಕೀರಪ್ಪ ಮದುವೆ ಅಡುಗೆಯವನು. ಗದಗ, ರೋಣ, ಶಿರಹಟ್ಟಿ ಸುತ್ತಿನ ಕಲ್ಯಾಣ ಮಂಟಪಗಳ ಹಿತ್ತಲಲ್ಲಿ ಕೊಪ್ಪರಿಗೆಗಳ ನಡುವೆ ಆತನ ಆಯುಷ್ಯ ಕಳೆದಿತ್ತು. ಸಾವಿರ ಮದುವೆಗೆ ಅಡುಗೆ ಮಾಡಿದವನಿಗೆ ತನ್ನದೊಂದು ಮದುವೆ ಮಾಡಿಕೊಳ್ಳಲು ಪುರಸೊತ್ತು ಸಿಗಲಿಲ್ಲ ಎಂದು ಜೊತೆಯವರು ನಗುತ್ತಿದ್ದರು. ಆತನೂ ನಗುತ್ತಿದ್ದ. ದಿನವೂ ಐದುನೂರು ಮಂದಿಯ ಗದ್ದಲದಲ್ಲಿದ್ದವನಿಗೆ ಮನೆಯಲ್ಲಿ ಯಾರೂ ಇಲ್ಲವೆಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಆಮೇಲೆ ಹೃದಯದ ಸ್ನಾಯು ಸೋತಿತು. ಯಾವುದೋ ಊರಿನ, ಹೆಸರು ಗೊತ್ತಿಲ್ಲದ ಒಬ್ಬನ ಹೃದಯ ಆತನ ಎದೆಗೆ ಬಂತು. ಜೀವವೇನೋ ಉಳಿಯಿತು. ಆದರೆ ಆ ಹೃದಯದ ಮೇಲೆ ಟಿ ಕಣಗಳು ಏರಿ ಹೋಗದಂತೆ ತಡೆಯುವ ಗುಳಿಗೆಗಳು ಮೈಯ ಕಾವಲನ್ನೆಲ್ಲ ಮಂಕಾಗಿಸುತ್ತವೆ. ಬೇರೆಯವರಿಗೆ ಬರಿಯ ನೆಗಡಿಯಾಗುವುದು ಆತನಿಗೆ ನ್ಯುಮೋನಿಯಾ ಆಗಬಹುದು. ಜನಜಂಗುಳಿ ಬೇಡ, ಮದುವೆ ಮನೆಯ ಹತ್ತಿರವೂ ಸುಳಿಯಬೇಡಿ ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು.

ಬೆಟಗೇರಿಯ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ವರ್ಷ ಹಾಗೇ ಕಳೆದವು. ಮೊದಮೊದಲು ಜೊತೆಯ ಅಡುಗೆಯವರು ಕಿಟಕಿಯಾಚೆ ನಿಂತು ಮಾತಾಡಿಸಿ ಹೋಗುತ್ತಿದ್ದರು. ಕಿಟಕಿಯಲ್ಲಿ ಎಷ್ಟೆಂದು ಮಾತಾಡಿಯಾರು? ಬರಬರುತ್ತ ನಿಂತರು. ಒಬ್ಬನಿಗೆ ಅಡುಗೆ ಮಾಡುವುದು ಫಕ್ಕೀರಪ್ಪನಿಗೆ ಕಡೆಗೂ ಕೈ ಹತ್ತಲಿಲ್ಲ. ಚಿಟಿಕೆ ಉಪ್ಪು ಹಾಕಲು ಹೋದರೆ ಕೈ ತಾನಾಗಿ ಬೊಗಸೆಯಾಗುತ್ತಿತ್ತು. ಮಾಡಿದ್ದು ಮಿಕ್ಕುತ್ತಿತ್ತು, ಮಿಕ್ಕಿದ್ದನ್ನು ನೋಡುತ್ತ ಉಣ್ಣುವುದು ಸಂಕಟವಾಗುತ್ತಿತ್ತು.

ಮೊದಲ ಸಲ ಗುಳಿಗೆ ತಪ್ಪಿದ್ದು ನಿಜವಾಗಿಯೂ ಮರೆವಿನಿಂದ. ಅಂದು ಗಂಟೆ ಹೊಡೆದು ಶಾಹೀನ್ ಓಡಿ ಬಂದಳು. ಕಣಗಳ ಗಲಾಟೆ ಇಳಿಯುವವರೆಗೆ ರೋಗಿಯ ಪಕ್ಕದಲ್ಲೇ ಇರಬೇಕೆಂಬುದು ಕೇಂದ್ರದ ನಿಯಮ. ಇಡೀ ಮಧ್ಯಾಹ್ನ ಕೂತಳು. ತನ್ನ ಅತ್ತೆಯ ಸುದ್ದಿ ಹೇಳಿದಳು, ಹುಬ್ಬಳ್ಳಿಯ ತಂಗಿಯ ಸುದ್ದಿ ಹೇಳಿದಳು, ಮಿಕ್ಕಿದ್ದ ಝುಣಕ ರೊಟ್ಟಿ ಉಂಡು ಬೆರಳು ಚೀಪಿದಳು. ಅವಳು ಹೋದ ಮೇಲೆ ಫಕ್ಕೀರಪ್ಪ ಖಾಲಿಯಾದ ರೊಟ್ಟಿ ಬುಟ್ಟಿಯನ್ನು ಬಹಳ ಹೊತ್ತು ನೋಡಿದ. ಎರಡನೆಯ ಸಲ ಆತ ಮರೆಯಲಿಲ್ಲ, ಬೇಕೆಂದೇ ಬಿಟ್ಟ. ಆಮೇಲೆ ಅದೇ ಚಾಳಿಯಾಯಿತು.

ಇದರಲ್ಲಿ ಅಪಾಯವಿದೆ ಎಂದು ಆತನಿಗೆ ಅನ್ನಿಸಲೇ ಇಲ್ಲ. ಹಾಲು ಉಕ್ಕಿ ಬರುತ್ತದೆ, ಉರಿ ಸಣ್ಣ ಮಾಡಿದರೆ ಇಳಿಯುತ್ತದೆ, ಒಂದು ಹನಿಯೂ ಚೆಲ್ಲುವುದಿಲ್ಲ. ನಲವತ್ತು ವರ್ಷ ಒಲೆಯ ಮುಂದೆ ನಿಂತವನ ಲೆಕ್ಕ ಅದು.

ಶಾಹೀನಳ ಹಿಂದೆ ಒಳಗೆ ಬಂದ ಡಾಕ್ಟರ್ ಮೈತ್ರಾ ಅರಕಲಗೂಡು ಐವತ್ತರ ಆಸುಪಾಸಿನ, ಸಣ್ಣ ಕಟ್ಟಿನ ಹೆಂಗಸು. ಕಾವಲುಬಲೆಯನ್ನು ನೇಯ್ದವಳು ಆಕೆಯೇ. ಶಾಹೀನ್ ಇಂಜೆಕ್ಷನ್ ಚುಚ್ಚುವಾಗ ಆಕೆ ಕೈಯಲ್ಲಿದ್ದ ಪರದೆಯನ್ನೇ ನೋಡುತ್ತಿದ್ದಳು. ಕಣಗಳ ಗೆರೆ ನಿಧಾನವಾಗಿ ಇಳಿಯತೊಡಗಿತು.

"ಫಕ್ಕೀರಪ್ಪನವರೇ, ನಿಮ್ಮಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ ನೋಡಿ. ಇಷ್ಟು ಸಲ ಗಂಟೆ ಹೊಡೆಯೋದು ಅಂದ್ರೆ ಒಂದೋ ನನ್ನ ಬಲೆ ಕೆಟ್ಟಿರಬೇಕು, ಇಲ್ಲಾ ಔಷಧಿ ಹತ್ತುತಾ ಇಲ್ಲ. ಡೋಸ್ ಎರಡು ಸಲ ಏರಿಸಿದ್ದಾಯ್ತು. ಅದರಿಂದ ನಿಮ್ಮ ಕಿಡ್ನಿಗೂ ಪೆಟ್ಟು ಬೀಳ್ತಿದೆ."

ಫಕ್ಕೀರಪ್ಪ ಕೆಳಗೆ ನೋಡಿದ. "ಮೊದಲ ಉಣ್ರಿ ಬಾಯಾರ. ಆಮ್ಯಾಲೆ ಮಾತಾಡೂಣಂತ."

ಎಲೆ ಹಾಕಿದ. ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬಟ್ಟಲು ತುಂಬ ಕಟ್ಟಿನ ಸಾರು. ಡಾಕ್ಟರ್ ಒಂದು ತುತ್ತು ಬಾಯಿಗಿಟ್ಟವಳೇ ಮುಖವರಳಿಸಿದಳು.

"ಇದೇನ್ರೀ, ಕಾಗದದ ಹಾಗಿದೆ! ನಮ್ಮನೆ ಒಬ್ಬಟ್ಟು ಇಷ್ಟು ತೆಳುವಾಗಿ ಬರೋದೇ ಇಲ್ಲ. ಹೇಗೆ ಮಾಡ್ತೀರಾ?"

ಎಷ್ಟೋ ವರ್ಷದ ಮೇಲೆ ಯಾರೋ ಆತನನ್ನು ಕಸುಬಿನ ಮಾತು ಕೇಳಿದ್ದರು. ಫಕ್ಕೀರಪ್ಪ ಮೈಮರೆತ.

"ನಿಮ್ಮ ಕಡಿ ಗಡಿಬಿಡಿ ಮಾಡ್ತಾರ್ರಿ. ಕಣಕ ನೆನೀಬೇಕ್ರಿ ಬಾಯಾರ, ಅರ್ಧಾ ದಿನಾನರೆ ನೆನೀಬೇಕು. ನಾ ನಸುಕಿನ್ಯಾಗ ಎದ್ದು ನಾದಿ ಎಣ್ಣ್ಯಾಗ ಮುಳುಗಿಸಿ ಇಟ್ಟಿದ್ದೆ. ಆಮ್ಯಾಲೆ ಬ್ಯಾಳಿ ಕುದಿಸಿ ಬಸದು ಕಟ್ಟು ತಗದೆ. ಇಬ್ಬರಿಗೆ ಅಂತ ಮಾಡಿದ್ದು, ನೀವೂ ಬಂದ್ರಿ, ಚಲೋ ಆತು."

ಶಾಹೀನಳ ಕೈ ಎಲೆಯ ಮೇಲೆ ನಿಂತಿತು. ಗಂಟೆ ಹೊಡೆದದ್ದು ಮಧ್ಯಾಹ್ನ. ತಾನು ಬಂದಾಗಲೆಲ್ಲ ಈ ಮನೆಯಲ್ಲಿ ಬಿಸಿ ಹೋಳಿಗೆಯೋ ಮಾದಲಿಯೋ ಕಾದಿರುತ್ತಿದ್ದದ್ದು ಅವಳಿಗೆ ಒಂದೊಂದಾಗಿ ನೆನಪಾಯಿತು.

"ಕಾಕಾ, ನಸುಕಿನ್ಯಾಗ ಇಬ್ಬರಿಗೆ ಅಂತ ನಾದಿದ್ರಿ?" ಅವಳ ದನಿ ಸಣ್ಣದಾಗಿತ್ತು. "ಇಬ್ಬರು ಅಂದ್ರ ಯಾರ್ಯಾರ್ರಿ?"

ಫಕ್ಕೀರಪ್ಪ ಎದ್ದು ಹೋಗಿ ಭರಣಿಯ ಹಿಂದಿದ್ದ ಗುಳಿಗೆಗಳನ್ನು ತಂದು ಅವಳ ಮುಂದಿಟ್ಟ. ಡಾಕ್ಟರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆಯ ಮುಖ ಕೆಂಪಾಯಿತು.

"ಬೇಕು ಅಂತ್ಲೇ ಬಿಟ್ರಾ? ನಿಮಗೆ ತಲೆ ಸರಿ ಇದೆಯೇನ್ರೀ?"

"ಏನ್ ಹೋತ್ರಿ ಬಾಯಾರ? ಹಾಲು ಉಕ್ಕೂ ಮೊದಲ ಉರಿ ಸಣ್ಣ ಮಾಡ್ತೀರಲ್ಲ ನೀವು. ಒಂದ್ ಹನಿ ಚೆಲ್ಲಿಲ್ಲಲ್ಲ."

"ಚೆಲ್ಲಿಲ್ಲ, ನಿಜ. ತಳ ಹಿಡಿದಿದೆ." ಆಕೆ ಪರದೆಯನ್ನು ಆತನ ಮುಂದೆ ಹಿಡಿದಳು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಚಿತ್ರ ಅದು. "ಒಂದೊಂದು ಸಲ ಕಣಗಳು ಎದ್ದಾಗಲೂ ಈ ನಾಳಗಳ ಒಳಮೈಗೆ ಗಾಯ ಆಗುತ್ತೆ. ಗಾಯ ಮಾಯುತ್ತೆ, ಆದರೆ ಅಲ್ಲಿ ಗೋಡೆ ದಪ್ಪ ಆಗುತ್ತೆ. ಇಲ್ನೋಡಿ, ಎಷ್ಟು ಸಣ್ಣ ದಾರಿ ಉಳಿದಿದೆ. ಇನ್ನೊಂದೆರಡು ಸಲ ಹೀಗೇ ಮಾಡಿದ್ರೆ ನಾನಲ್ಲ, ಯಾರೂ ನಿಮ್ಮನ್ನ ಉಳಿಸಕ್ಕಾಗಲ್ಲ."

ಫಕ್ಕೀರಪ್ಪ ಚಿತ್ರವನ್ನು ದಿಟ್ಟಿಸಿದ. ತಳ ಹಿಡಿದ ಪಾತ್ರೆಯ ಬಗ್ಗೆ ಆತನಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಸರು ಗೊತ್ತಿಲ್ಲದ ಆ ಪಾವಣ್ಯಾನ ಮೈಗೆ ತಾನೇ ಕೈಯಾರೆ ಗಾಯ ಮಾಡಿಸಿದೆನಲ್ಲ ಎಂದು ಆತನಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

ಶಾಹೀನ್ ಅಳುತ್ತಿದ್ದಳು. "ಬಾ ಅಂದಿದ್ರ ನಾ ಬರ್ತಿರಲಿಲ್ಲೇನ್ರಿ ಕಾಕಾ?"

"ಏನಂತ ಕರೀಲವ್ವಾ? ಉಣ್ಣಾಕ ಬಾ ಅಂದ್ರ ನಿಮ್ಮ ಕೇಂದ್ರದಾಗ ಗಾಡಿ ಕೊಟ್ಟು ಕಳಸ್ತಾರೇನು? ನನಗ ಬ್ಯಾನಿ ಆದ್ರಷ್ಟ ನೀ ಬರೂದು."

ಆತ ಹೇಳಿದ್ದು ನಿಜವಾಗಿತ್ತು. ಅವಳ ದಿನದಲ್ಲಿ ಬೇನೆಯಿಲ್ಲದವರಿಗೆಂದು ಬಿಡುವಿರಲಿಲ್ಲ.

ಡಾಕ್ಟರ ಸಿಟ್ಟು ಇಳಿದಿತ್ತು. ಆಕೆ ಬ್ಯಾಗಿನಿಂದ ಪುಟ್ಟ ಪೆಟ್ಟಿಗೆ ತೆಗೆದು, ತಾನು ಬಂದ ಕೆಲಸವನ್ನು ಹೇಳಿದಳು. ಅದರಲ್ಲಿ ಹೊಸ ಬಲೆಯಿತ್ತು. ಹಳೆಯದು ಕೂಗನ್ನು ಕೇಳಿ ಸುದ್ದಿ ಕಳಿಸುತ್ತಿತ್ತು, ಅಷ್ಟೆ. ಹೊಸದು ಕೂಗು ಕೇಳಿದಲ್ಲೇ, ಆ ಕ್ಷಣವೇ, ಎಳೆಯೊಳಗಿನಿಂದ ಔಷಧಿ ಒಸರಿಸಿ ಟಿ ಕಣಗಳನ್ನು ಸುಮ್ಮನಾಗಿಸುತ್ತದೆ. ಹೃದಯದ ಬಳಿ ಮಾತ್ರ ಔಷಧಿ, ಮೈಯ ಉಳಿದ ಕಾವಲೆಲ್ಲ ಎಚ್ಚರ. ಗುಳಿಗೆ ಬೇಡ, ಇಂಜೆಕ್ಷನ್ ಬೇಡ, ಹಳೆಯ ಬಲೆಗೆ ಕಸಿ ಕಟ್ಟಿದರೆ ಸಾಕು, ಎದೆ ಸೀಳಬೇಕಾಗಿಲ್ಲ.

"ಜನರ ನಡುವೆ ಓಡಾಡಬಹುದು. ಮದುವೆಗೂ ಹೋಗಬಹುದು. ಗಂಟೆ ಹೊಡೆಯೋದು, ನಾವು ಓಡಿ ಬರೋದು, ಯಾವ ರಗಳೆಯೂ ಇರಲ್ಲ ನಿಮಗೆ."

"ಯಾರೂ ಬರೂದಿಲ್ಲ?"

"ಯಾರೂ ಬರೋ ಅಗತ್ಯ ಇರಲ್ಲ."

ಫಕ್ಕೀರಪ್ಪ ಆ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅಂಗಡಿಯಲ್ಲಿ ಚೌಕಾಶಿ ಮಾಡುವವನಂತೆ ಕೇಳಿದ. "ಬಾಯಾರ, ಒಂದ್ ಕೆಲಸಾ ಮಾಡ್ರಿ. ಆ ಹೊಸಾದ್ರಾಗ ಒಂದ್ ಸುಳ್ಳ ಗಂಟಿ ಇಡ್ರಿ. ಎದಿಗೆ ಏನೂ ಆಗಿರಬಾರದು, ಆದ್ರ ತಿಂಗಳಿಗೊಮ್ಮೆ ಹೊಡೀಬೇಕು. ನನಗೂ ಗೊತ್ತು, ನಿಮಗೂ ಗೊತ್ತು. ಪಾವಣ್ಯಾಗೂ ತ್ರಾಸಿಲ್ಲ."

ಡಾಕ್ಟರ್ ನಗಲಿಲ್ಲ. "ಬಲೆ ಒಂದು ಸಲ ಸುಳ್ಳು ಹೇಳಿದ್ರೆ, ಇನ್ನೊಬ್ಬರ ಎದೇಲಿ ಅದು ನಿಜ ಹೇಳಿದಾಗ ಯಾರು ನಂಬ್ತಾರೆ? ಅದೊಂದನ್ನ ಕೇಳಬೇಡಿ." ಪೆಟ್ಟಿಗೆಯನ್ನು ಬ್ಯಾಗಿಗೆ ಇಡುತ್ತ, "ನಾನೇ ಬರ್ತೀನಿ ಬಿಡಿ. ಈ ಕಡೆ ಬಂದಾಗೆಲ್ಲ ಬರ್ತೀನಿ" ಎಂದಳು. ಹೇಳುವಾಗ ಆಕೆಯ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಮುಂದಿನ ತಿಂಗಳು ಗದಗಿನ ಕೇಂದ್ರದಲ್ಲಿ ಫಕ್ಕೀರಪ್ಪನಿಗೆ ಹೊಸ ಬಲೆ ಕೂಡಿಸಿದರು. ಒಳಗೆ ಕರೆದೊಯ್ಯುವ ಮೊದಲು ಡಾಕ್ಟರ್ ಮೈತ್ರಾ ಮಂಚದ ಪಕ್ಕ ಬಂದು ಕೂತಳು. ಆಕೆ ಬಳಲಿದಂತೆ ಕಾಣುತ್ತಿದ್ದಳು.

"ಹಳೇ ಗಂಟೆಗಳ ದಾಖಲೆಯನ್ನೆಲ್ಲ ಮತ್ತೆ ತೆಗೆದು ನೋಡಿದೆ ಫಕ್ಕೀರಪ್ಪನವರೇ. ಔಷಧಿ ಹತ್ತಲಿಲ್ಲ ಅಂತ ನಾವು ಬರೆದುಕೊಂಡಿದ್ವಲ್ಲ, ಅದರಲ್ಲಿ ಬಹಳಷ್ಟು ಒಂಟಿಯಾಗಿ ಇರೋರದ್ದು. ಹಬ್ಬ ಆದ ಮಾರನೇ ವಾರ ಹೆಚ್ಚು. ನೀವೊಬ್ಬರೇ ಅಲ್ಲ."

ಫಕ್ಕೀರಪ್ಪ ದಿಂಬಿನಿಂದ ತಲೆ ಎತ್ತಿದ. ಎಷ್ಟೋ ದಿನದಿಂದ ಆತನ ಮುಖದಲ್ಲಿ ಅಂಥ ಗೆಲುವು ಕಂಡಿರಲಿಲ್ಲ. "ಯಾರ್ಯಾರ್ರಿ? ಯಾವ ಊರವ್ರು? ಹೆಸರ ಹೇಳ್ರಿ, ನಾ ಹೋಗಿ ಭೆಟ್ಟಿ ಆಗಿ ಬರ್ತೀನಿ."

"ಹೇಳೋ ಹಾಗಿಲ್ಲ. ಒಬ್ಬ ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳಬಾರದು ಅನ್ನೋದು ಕಾನೂನು."

ಆತ ಮತ್ತೆ ದಿಂಬಿಗೆ ತಲೆ ಇಟ್ಟ.

ಹೊಸ ಬಲೆ ಹೇಳಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಟಿ ಕಣವೊಂದು ಪರಕೀಯ ಗುರುತು ಕಂಡು ಕೂಗಲು ಬಾಯಿ ತೆರೆದರೆ ಸಾಕು, ಅಲ್ಲೇ ಹನಿ ಔಷಧಿ ಬೀಳುತ್ತಿತ್ತು. ಒಂದು ಮಳೆಗಾಲ ಕಳೆದು ಚಳಿಗಾಲ ಬರುವಷ್ಟರಲ್ಲಿ ಬದಲಿ ಹೃದಯದವರಿಗೆಲ್ಲ ಅದು ಸಿಕ್ಕು, ರಾಜ್ಯದಲ್ಲಿ ಒಂದೂ ಗಂಟೆ ಹೊಡೆಯದ ತಿಂಗಳು ಬಂತು. ಪತ್ರಿಕೆಗಳು ಡಾಕ್ಟರ್ ಮೈತ್ರಾಳ ಚಿತ್ರ ಹಾಕಿ ಹೊಗಳಿದವು. ಹೊಗಳಬೇಕಾದದ್ದೇ. ಎಷ್ಟೋ ಮನೆಗಳಲ್ಲಿ ಸಾಯಬೇಕಾದವರು ಬದುಕಿದ್ದರು.

ಗಂಟೆ ಹೊಡೆಯದ ಮೇಲೆ ಮನೆಗೆ ಓಡುವ ನರ್ಸುಗಳ ಅಗತ್ಯವೇನು? ಶಾಹೀನಳನ್ನು ಬೆಳಗಾವಿಯ ಆಸ್ಪತ್ರೆಗೆ ವರ್ಗ ಮಾಡಿದರು. ಹೋಗುವ ಮೊದಲು ಬಂದು, ಉಂಡು, ನಂಬರು ಕೊಟ್ಟು ಹೋದಳು. ಒಂದೆರಡು ಸಲ ಅವಳೇ ಫೋನು ಮಾಡಿದಳು. ಪಾವಣ್ಯಾ ಹೆಂಗದಾನ ಎಂದು ಕೇಳಿದರೆ, ಚಲೋ ಅದಾನ ಎನ್ನುವುದನ್ನು ಬಿಟ್ಟು ಫಕ್ಕೀರಪ್ಪನಿಗೆ ಬೇರೇನೂ ತೋಚುತ್ತಿರಲಿಲ್ಲ. ಚೆನ್ನಾಗಿರುವವನ ಜೊತೆ ಏನು ಮಾತಾಡಬೇಕೆಂದು ಅವಳಿಗೂ ತೋಚದೆ ಹೋಯಿತು. ತಾನಾಗಿ ಫೋನು ಮಾಡಲು ಆತನಿಗೆ ಸಂಕೋಚ. ಏನೂ ಆಗಿಲ್ಲ ಎಂದು ಹೇಳಲು ಯಾರಾದರೂ ಫೋನು ಮಾಡುತ್ತಾರೆಯೇ?

ಮಾಘದಲ್ಲಿ ಒಂದು ಭಾನುವಾರ ಫಕ್ಕೀರಪ್ಪ ಒಗೆದ ಧೋತರ ಉಟ್ಟು, ಇಸ್ತ್ರಿಯ ಅಂಗಿ ತೊಟ್ಟು ಮನೆಯಿಂದ ಹೊರಬಿದ್ದ. ಬೆಟಗೇರಿಯ ದೊಡ್ಡ ಕಲ್ಯಾಣ ಮಂಟಪದಲ್ಲಿ ವಾಲಗ ಕೇಳುತ್ತಿತ್ತು. ಯಾರ ಮದುವೆಯೋ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆತನನ್ನು ಕೆಲಸಕ್ಕೆ ಕರೆಯುತ್ತಿದ್ದವರು ಸತ್ತಿದ್ದರು, ಇಲ್ಲವೇ ಊರು ಬಿಟ್ಟಿದ್ದರು. ಬಾಗಿಲಲ್ಲಿ ಯಾರೋ ಕೈಗೆ ಪನ್ನೀರು ಚಿಮುಕಿಸಿದರು. ಆತ ಒಳಗೆ ಹೋಗಿ ಊಟದ ಪಂಕ್ತಿಯಲ್ಲಿ ಕೂತ. ಎಡಕ್ಕೊಬ್ಬ, ಬಲಕ್ಕೊಬ್ಬ. ಪಕ್ಕದವನು ಕೆಮ್ಮಿದಾಗ ಆತನ ಕೈ ತಾನಾಗಿ ಬಾಯಿ ಮುಚ್ಚಿಕೊಂಡಿತು. ಭಯವೇನೂ ಇಲ್ಲವೆಂದು ನೆನಪಾಗಿ ಮೆಲ್ಲಗೆ ಕೆಳಗಿಳಿಸಿದ. ಎಲೆಗೆ ಉಪ್ಪು ಬಂತು, ಕೋಸಂಬರಿ ಬಂತು, ಹೋಳಿಗೆ ಬಂತು. ಹೋಳಿಗೆ ತುಸು ದಪ್ಪವಾಗಿತ್ತು. ಆದರೂ ಇಷ್ಟು ಮಂದಿಯ ನಡುವೆ ಕೂತು ಉಣ್ಣುತ್ತಿದ್ದೇನಲ್ಲ ಎಂದು ಆತನಿಗೆ ಕಣ್ಣು ತುಂಬಿ ಬಂತು.

ತಲೆಗೆ ಬಿಳಿ ಪಟಗ ಸುತ್ತಿದ ಹಿರಿಯರೊಬ್ಬರು ಕೈಮುಗಿಯುತ್ತ ಪಂಕ್ತಿಯುದ್ದಕ್ಕೂ ಉಪಚಾರ ಹೇಳುತ್ತ ಬಂದರು. ಮದುಮಗಳ ದೊಡ್ಡಪ್ಪನಿರಬೇಕು. ಫಕ್ಕೀರಪ್ಪನ ಮುಂದೆ ಬಂದಾಗ ನಿಂತು, ಮುಖವನ್ನು ನೋಡಿ, ನಗುತ್ತಲೇ ಕೇಳಿದರು.

"ತಾವು ಯಾರ ಕಡಿಯವ್ರಿ? ಗುರುತ ಹತ್ತಲಿಲ್ಲ."

ಆ ಪ್ರಶ್ನೆಯಲ್ಲಿ ಕೆಡುಕಿರಲಿಲ್ಲ. ಮದುವೆ ಮನೆಯಲ್ಲಿ ನಾವೂ ನೀವೂ ಎಷ್ಟು ಮಂದಿಯನ್ನು ಹಾಗೆ ಕೇಳಿಲ್ಲ? ಆದರೆ ಸಾವಿರ ಮದುವೆಯಲ್ಲಿ ಫಕ್ಕೀರಪ್ಪನನ್ನು ಯಾರೂ ಹಾಗೆ ಕೇಳಿರಲಿಲ್ಲ. ಒಲೆಯ ಮುಂದೆ ನಿಂತವನನ್ನು ಯಾರ ಕಡೆಯವನೆಂದು ಯಾರು ಕೇಳುತ್ತಾರೆ?

"ನಾ ಅಡಿಗಿಯವ್ರಿ" ಎಂದ.

"ಹೌದ? ಅಯ್ಯ, ಹಂಗಾರ ಇಲ್ಲ್ಯಾಕ ಕುಂತ್ರಿ? ಇದು ಬೀಗರ ಪಂಕ್ತಿ. ಕಡೀ ಪಂಕ್ತಿಗೆ ಒಳಗ ಆರಾಮ ಕುಂದರ್ರಿ, ನಾನ ನಿಂತು ಬಡಸ್ತೀನಿ."

ಬಹಳ ಮರ್ಯಾದೆಯಿಂದ, ರಟ್ಟೆ ಹಿಡಿದು ಎಬ್ಬಿಸಿದರು. ಫಕ್ಕೀರಪ್ಪ ಎದ್ದ. ಆ ಎಲೆ ತೆಗೆದು ಬೇರೆ ಎಲೆ ಹಾಕಿದರು. ಕಾಯುತ್ತಿದ್ದ ಬೀಗರೊಬ್ಬರು ಆ ಜಾಗದಲ್ಲಿ ಕೂತರು.

ಆತ ಕೈ ತೊಳೆಯುವ ನಲ್ಲಿಯ ಬಳಿ ಗೋಡೆಗೆ ಒರಗಿ ನಿಂತ. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೃದಯದ ಬಡಿತ ಏರಿದ್ದನ್ನು ಬಲೆ ಗಮನಿಸಿತು. ಎಳೆ ಎಳೆಯಲ್ಲೂ ಹುಡುಕಿತು. ಒಂದೇ ಒಂದು ಟಿ ಕಣವೂ ಕೂಗುತ್ತಿರಲಿಲ್ಲ, ನಾಳಗಳಲ್ಲಿ ಉಳಿದ ದಾರಿಯಲ್ಲೇ ರಕ್ತ ತಡೆಯಿಲ್ಲದೆ ಹರಿಯುತ್ತಿತ್ತು. ಚಿಂತಿಸುವಂಥದ್ದೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಬಲೆ ಯಾರಿಗೂ ಏನನ್ನೂ ತಿಳಿಸಲಿಲ್ಲ.